ಬೋರಯ್ಯನ ಹೊಲದಲ್ಲಿ ನನ್ನ ಭಾನುವಾರಗಳು

ಗೋಡೆಯ ಮೇಲಿನ ಪಟ ತುಸು ಓರೆಯಾಗಿದ್ದರೂ ಕೆಲವರಿಗೆ ಊಟ ಸೇರುವುದಿಲ್ಲ. ನಾನೂ ಆ ಪೈಕಿಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ದಾರದ ಉಂಡೆಗಳನ್ನು ಬಣ್ಣದ ಪ್ರಕಾರ, ಗುಂಡಿಗಳನ್ನು ಸೈಜಿನ ಪ್ರಕಾರ ಜೋಡಿಸಿಟ್ಟು, ದಿನಕ್ಕೆರಡು ಸಲ ಕೆಲಸವಿಲ್ಲದಿದ್ದರೂ ಹೋಗಿ ನೋಡಿ ಸಂತೋಷಪಟ್ಟು ಬರುತ್ತೇನೆ. ಮನೆಯಲ್ಲಿ ಮಾತ್ರ ಈ ಗುಣಕ್ಕೆ ಮೂರು ಕಾಸಿನ ಮರ್ಯಾದೆ ಇಲ್ಲ. ಮದುವೆಯಾದ ಮೊದಲ ವರ್ಷವೇ ಹೆಂಡತಿ ಜಯಮ್ಮ, "ಅಡುಗೆಮನೇನ ನಿಮ್ ಸ್ಟೋರಿಗೆ ಸೇರಿಸ್ಕಬ್ಯಾಡಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಹಾಗಾಗಿ ನನ್ನ ಅಚ್ಚುಕಟ್ಟುತನವೆಲ್ಲ ಕನಕಪುರ ರಸ್ತೆಯ ಪಕ್ಕ ನಮ್ಮೂರಿನಲ್ಲಿರುವ ಎರಡು ಎಕರೆ ಮಾವಿನ ತೋಟದ ಮೇಲೆ ಬಿತ್ತು. ತೋಟ ಎದುರಾಡುವುದಿಲ್ಲವಲ್ಲ!

ಆ ತೋಟದ ಕಳೆಯನ್ನು ಬಹಳ ವರ್ಷಗಳಿಂದ ತೆಗೆಯುತ್ತಿದ್ದವರು ಪುಟ್ಟಮ್ಮ ಮತ್ತು ಅವಳ ಜೊತೆಗಾರ್ತಿಯರು ಐದು ಜನ. ಕುಕ್ಕರಗಾಲಿನಲ್ಲಿ ಕುಳಿತು ಕುಡುಗೋಲು ಆಡಿಸುತ್ತ ಸಾಗುವುದು ಅವರ ಕೆಲಸ. ಮಾವಿನ ಮರದ ನೆರಳಿನಲ್ಲಿ ನಿಂತು "ಅಲ್ಲೊಂದು ಬಿಟ್ಟೆ ನೋಡು ಪುಟ್ಟಮ್ಮ" ಎನ್ನುವುದು ನನ್ನ ಕೆಲಸ. ಅವರದೊಂದು ಪದ್ಧತಿಯಿತ್ತು: ತಿನ್ನುವಂಥದ್ದು ಮಡಿಲಿಗೆ, ತಿನ್ನದ್ದು ಬದುವಿಗೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಕನ್ನೆ ಎಲ್ಲ ಮಡಿಲು ಸೇರಿ, ಸಂಜೆಗೆ ಆರು ಮನೆಯಲ್ಲೂ ಬೆರಕೆ ಸೊಪ್ಪಿನ ಬಸ್ಸಾರು ಕುದಿಯುತ್ತಿತ್ತು. ನಮ್ಮ ಮನೆಗೂ ಒಂದು ಪಾಲು ಬರುತ್ತಿತ್ತು. ಅದನ್ನು ಮುದ್ದೆಯ ಜೊತೆ ಚಪ್ಪರಿಸುತ್ತಲೇ, ಇವರು ಕಳೆ ಕೀಳುವುದಕ್ಕಿಂತ ಸೊಪ್ಪು ಆರಿಸುವುದೇ ಜಾಸ್ತಿ ಎಂದು ನಾನು ಗೊಣಗುತ್ತಿದ್ದೆ.

ಆಮೇಲೆ ಕಾರ್ಖಾನೆಗೆ ಕೆಲಸಗಾರರು ಬೇಕಾದರು. ದೊಡ್ಡ ಮನಸ್ಸು ಮಾಡಿ ಆ ಆರೂ ಜನರ ಹೆಸರು ಹೇಳಿ ಸೇರಿಸಿದವನು ನಾನೇ. ಬೆಳಿಗ್ಗೆ ಕಂಪನಿ ವ್ಯಾನು ಅವರನ್ನು ಹತ್ತಿಸಿಕೊಂಡು ಹೋದ ಮೇಲೆ, ನಮ್ಮ ತೋಟದಲ್ಲಿ ಕುಕ್ಕರಗಾಲಿನಲ್ಲಿ ಕೂರುವವರು ಯಾರೂ ಉಳಿಯಲಿಲ್ಲ ಎಂಬುದು ಮಳೆ ಬಿದ್ದಾಗಲೇ ನನಗೆ ಹೊಳೆದದ್ದು. ಭಾನುವಾರವಾದರೂ ಬನ್ನಿ ಎಂದು ಪುಟ್ಟಮ್ಮನನ್ನು ಕಾರ್ಖಾನೆಯ ಗೇಟಿನಲ್ಲಿ ಕೇಳಿದೆ. ಕೊರಳಿನ ಗುರುತಿನ ಚೀಟಿ ಸರಿಮಾಡಿಕೊಂಡು, "ಅಣ್ಣ, ಇಲ್ಲಿ ಫ್ಯಾನ್ ಐತೆ" ಎಂದಳು.

ಕನಕಪುರದ ಅಂಗಡಿಯಿಂದ ಕಳೆನಾಶಕದ ಕ್ಯಾನು ತಂದೆ. ಹೊಡೆದ ಹತ್ತು ದಿನಕ್ಕೆ ತೋಟದ ಹಸಿರೆಲ್ಲ ಹಳದಿಯಾಗಿ, ಕಂದಾಗಿ, ನೆಲ ನಮ್ಮ ಸ್ಟೋರಿನಷ್ಟೇ ಚೊಕ್ಕಟವಾಯಿತು. ಹಿಗ್ಗು ತಡೆಯಲಾರದೆ ಪಕ್ಕದ ಹೊಲದ ಬೋರಯ್ಯನನ್ನು ಕರೆದು ತೋರಿಸಿದೆ. ಬೋರಯ್ಯ ನನ್ನ ಜೊತೆ ಓದಿದವನು. ಅವನ ಹೊಲದಲ್ಲಿ ರಾಗಿ ಯಾವುದು, ಕಳೆ ಯಾವುದು ಎಂದು ಕೂತು ಹುಡುಕಬೇಕು. ಕೇಳಿದರೆ, "ಬೆಳ್ಕಳ್ಳಿ ಬುಡ್ಲಾ, ಅವುಕ್ಕೂ ಮಳೆ ಬಂದೈತೆ" ಎನ್ನುವ ಆಸಾಮಿ. ನನ್ನ ಬೋಳು ನೆಲವನ್ನು ಅವನು ಬಹಳ ಹೊತ್ತು ನೋಡಿ, "ಏನ್ಲಾ ಇದು, ಮದ್ವೆ ಮುಗಿದ್ ಛತ್ರ ಇದ್ದಂಗೈತೆ" ಎಂದ. ನನಗೆ ರೇಗಿತು. ನಿನ್ನ ಹೊಲದ ಬೀಜ ಬೇಲಿ ದಾಟಿ ನನ್ನ ತೋಟಕ್ಕೆ ಬರುತ್ತದೆ, ನಿನ್ನ ಸೋಮಾರಿತನಕ್ಕೆ ನಾನೇಕೆ ಔಷಧಿ ಹೊಡೆಯಬೇಕು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಅವನು ಬೀಡಿ ಮುಗಿಯುವವರೆಗೂ ಕೇಳಿ ಹೋದ.

ಎರಡನೆಯ ವರ್ಷ ಹೊಡೆದಾಗ ಎಲ್ಲ ಸತ್ತವು, ಕನ್ನೆ ಸೊಪ್ಪೊಂದನ್ನು ಬಿಟ್ಟು. ಅದು ನೆಲಕ್ಕಂಟಿ ಹರಿಯುವ ಗಿಡ, ಗೆಣ್ಣುಗೆಣ್ಣಿಗೂ ಬೇರು, ಪುಟ್ಟ ನೀಲಿ ಹೂವು. ನಾಲ್ಕು ದಿನ ಬಾಡಿದಂತೆ ನಟಿಸಿ ಮತ್ತೆ ತಲೆ ಎತ್ತಿತು. "ಡೋಸು ಜಾಸ್ತಿ ಮಾಡಿ ಸಾರ್" ಎಂದ ಅಂಗಡಿಯವನು. ಮಾಡಿದೆ. ಒಬ್ಬರು ಉಪ್ಪು ಬೆರೆಸಿ ಎಂದರು, ಇನ್ನೊಬ್ಬರು ಸೋಪಿನ ಪುಡಿ ಎಂದರು. ಎರಡನ್ನೂ ಬೆರೆಸಿದೆ. ಮೂರನೆಯ ವರ್ಷದ ಹೊತ್ತಿಗೆ ಅಣ್ಣೆ, ಗೋಣಿ, ಕೀರೆ ಯಾವುದರ ಸುಳಿವೂ ಇಲ್ಲ. ಅವುಗಳ ಜಾಗವನ್ನೆಲ್ಲ ಕನ್ನೆಯೇ ಆಕ್ರಮಿಸಿ ಎರಡೂ ಎಕರೆಗೆ ಹಾಸಿಕೊಂಡು ಬಿದ್ದಿತ್ತು. ಇಷ್ಟು ಶುಶ್ರೂಷೆಯನ್ನು ಮಾವಿನ ಮರಗಳಿಗೆ ಮಾಡಿದ್ದರೆ ಅವಾದರೂ ನೆನೆಯುತ್ತಿದ್ದವು.

ಅದೇ ಶ್ರಾವಣದಲ್ಲಿ ಚನ್ನಪಟ್ಟಣದಿಂದ ಸವಿತಾ ಫೋನು ಮಾಡಿದಳು. ಸವಿತಾ ನನ್ನ ಅಕ್ಕನ ಮಗಳು, ಆರು ತಿಂಗಳ ಬಸುರಿ. ಚಿಕ್ಕಂದಿನಲ್ಲಿ ಪುಟ್ಟಮ್ಮನ ಹಿಂದೆ ಲಂಗದ ತುಂಬ ಸೊಪ್ಪು ಆರಿಸಿಕೊಂಡು ತಿರುಗಿದವಳು. "ಮಾವ, ನಮ್ ತೋಟದ ಅಣ್ಣೆ ಸೊಪ್ಪಿನ ಬಸ್ಸಾರು ತಿನ್ಬೇಕು ಅಂತ ಬಾಯಿ ಹಾತೊರೀತೈತೆ. ಭಾನ್ವಾರ ಬತ್ತೀನಿ" ಎಂದಳು. ಬಸುರಿಯ ಬಯಕೆ, ಅದೂ ಸೋದರಮಾವನನ್ನು ಬಾಯಿಬಿಟ್ಟು ಕೇಳಿದ್ದು. ಬಾ ಮಗಳೇ ಎಂದುಬಿಟ್ಟೆ. ಫೋನಿಟ್ಟ ಮೇಲೆ ಜಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ತೋಟದಾಗ್ ಏನೈತೆ? ಹದಿನೈದ್ ದಿನದ್ ಹಿಂದೆ ಎರಡರಷ್ಟು ಔಸ್ದಿ ಕುಡ್ದಿರೋ ಕನ್ನೆ. ಅದ್ನ ಆ ಮಗೀಗೆ ಬಡಿಸ್ತೀರಾ?"

ಸಂತೆಯಲ್ಲಿ ಹುಡುಕಿದೆ. ದಂಟು, ಪಾಲಕ್, ಮೆಂತ್ಯ ಬೇಕಾದಷ್ಟು. ಅಣ್ಣೆ ಸೊಪ್ಪು ಎಂದರೆ ಮಾರುವವರು ನಕ್ಕರು. ಕೊನೆಗೆ ಭಾನುವಾರ ಬೆಳಿಗ್ಗೆ ಒಂದು ಚೀಲ ಹಿಡಿದು, ಬೇಲಿಯ ಪಕ್ಕ ಎರಡು ಸಲ ಹಿಂದೆ ಮುಂದೆ ಓಡಾಡಿ, ಬೋರಯ್ಯನ ಹೊಲಕ್ಕೆ ಇಳಿದೆ. ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ವಿಷಯ ಹೇಳಿದೆ. ಆ ಭಾಷಣವನ್ನು ಅವನು ನೆನಪಿಸಬಹುದಿತ್ತು, ನೆನಪಿಸಲಿಲ್ಲ. "ಸವಿತವ್ವ ಬಸ್ರಾ? ತಗಳ್ಲಾ, ಎಲ್ಲಾ ಐತೆ" ಎಂದು ಮುಖವರಳಿಸಿದ. ನಾನು ಗಬಕ್ಕನೆ ಒಂದು ಗಿಡ ಕಿತ್ತೆ. "ಅದು ರಾಗಿ ಕಣ್ಲಾ!" ಎಂದ. ಮೂರು ವರ್ಷ ಯಾವುದನ್ನು ಕೊಂದೆನೋ ಅದರ ಮುಖ ನನಗೆ ನೆಟ್ಟಗೆ ಗೊತ್ತಿರಲಿಲ್ಲ. ಅವನೇ ಒಂದೊಂದಾಗಿ ತೋರಿಸಿಕೊಟ್ಟು, ಒಂದು ಕುಡುಗೋಲು ಕೈಗಿಟ್ಟ. "ಬರೀ ಅಣ್ಣೆ ಆರ್ಸ್ಕೊಂಡ್ ಓಡಂಗಿಲ್ಲ. ಪುಟ್ಟಮ್ಮನ ಪದ್ಧತಿ. ತಿನ್ನಾದು ಚೀಲಕ್ಕೆ, ತಿನ್ನದ್ದು ಬದುವಿಗೆ." ಎರಡು ಗಂಟೆ ಕುಕ್ಕರಗಾಲಿನಲ್ಲಿ ಕುಳಿತೆ. ಎದ್ದಾಗ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ.

ಸವಿತಾ ಎರಡು ಮುದ್ದೆ ಉಂಡಳು. ಬೆರಳು ನೆಕ್ಕುತ್ತ, "ತೋಟದ್ದೇ ಅಲ್ವಾ ಮಾವ?" ಎಂದಳು. ಹೂಂ ಎನ್ನಬಹುದಿತ್ತು, ಜಯಮ್ಮನ ಮುಖ ನೋಡಿ ನಿಜ ಹೇಳಿದೆ. ಸವಿತಾ ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದ್ಕೂ ಒಂದಿನ ಅಲ್ಲಿ ಸೊಪ್ಪು ಕೀಳಾದು ತೋರಿಸ್ಬೇಕು ಅಂದ್ಕಂಡಿದ್ದೆ" ಎಂದಳು, ಅಷ್ಟೆ. ಬೈದಿದ್ದರೇ ವಾಸಿಯಾಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ, ಗೋಡೆಯ ಪಟಗಳೆಲ್ಲ ನೆಟ್ಟಗೇ ಇದ್ದವು.

ಔಷಧಿ ನಿಲ್ಲಿಸಿದೆ. ಬೋರಯ್ಯನ ಹೊಲದಲ್ಲಿ ಅಣ್ಣೆಯ ಗುಲಾಬಿ ತೆನೆ ಒಣಗುವುದನ್ನೇ ಕಾದು, ಕರ್ಚೀಫಿನಲ್ಲಿ ಬೀಜ ಕಟ್ಟಿಕೊಂಡು ಬಂದು, ಮುಂದಿನ ಮಳೆಗೆ ಯಾರೂ ನೋಡದ ಹೊತ್ತಿನಲ್ಲಿ ತೋಟದಲ್ಲಿ ಚೆಲ್ಲಿದೆ. ಅಲ್ಲೊಂದು ಇಲ್ಲೊಂದು ಮೊಳಕೆ ಬಂತು. ಅವು ಉಸಿರಾಡಬೇಕಾದರೆ ಕನ್ನೆಯನ್ನು ಕೈಯಿಂದಲೇ ಕೀಳಬೇಕು. ಹೀಗೆ ಕಳೆಗೋಸ್ಕರ ಕಳೆ ಕೀಳುತ್ತ ಒಂದು ಭಾನುವಾರ ಕುಳಿತಿದ್ದಾಗ, ಬೇಲಿಯಾಚೆ ಬೋರಯ್ಯ ಬಂದು ನಿಂತ. ಅವನ ತೋಳಿನ ತುಂಬ ನೀಲಿ ಹೂವಿನ ಬಳ್ಳಿ.

"ನಿಂದು ಕಣ್ಲಾ. ಬೇಲಿ ದಾಟಿ ಬಂದ್ಬುಟ್ಟೈತೆ. ನಮ್ ಕನ್ನೆ ಒಂದ್ ಕಡೆ ಇರೋದು. ಇದು ರಾಗೀನೇ ಮುಚ್ತಾ ಐತೆ."

ಮೂರು ವರ್ಷದ ಹಿಂದೆ ನಾನು ಆಡಿದ್ದ ಮಾತೇ ಅದು, ಸಿಟ್ಟು ಮಾತ್ರ ಇರಲಿಲ್ಲ. ಆ ರಾಗಿ ಅವನ ಮನೆಯ ವರ್ಷದ ಮುದ್ದೆ. ಅಭ್ಯಾಸಬಲದಿಂದ "ಅದಕ್ಕೊಂದು ಔಷಧಿ..." ಎಂದು ಬಾಯಿ ತೆರೆದವನು, ಅವನು ನೋಡಿದ ನೋಟಕ್ಕೆ ಅಲ್ಲಿಗೇ ಮುಚ್ಚಿದೆ. ಕುಡುಗೋಲು ತೆಗೆದುಕೊಂಡು ಬೇಲಿ ದಾಟಿ ಅವನ ಸಾಲಿನಲ್ಲಿ ಕುಳಿತೆ. ಬೋರಯ್ಯ ನನ್ನ ಮಾವಿನ ಮರದ ನೆರಳಿಗೆ ಹೋಗಿ ಬೀಡಿ ಹಚ್ಚಿದ. ನಾನು ಹತ್ತು ಮಾರು ಸಾಗಿರಲಿಲ್ಲ, ನೆರಳಿನಿಂದ ಧ್ವನಿ ಬಂತು:

"ಅಲ್ಲೊಂದ್ ಬುಟ್ಟೆ ನೋಡ್ಲಾ."