ಕೊರ್ಲಹಳ್ಳಿಯಲ್ಲಿದ್ದ ಜವಾಬು

ಗೀಗೀ ಪದಗಳನ್ನು ಧ್ವನಿಮುದ್ರಿಸಿ ಜಾಲತಾಣದಲ್ಲಿ ಉಳಿಸುವೆನೆಂದು ಗದಗದಿಂದ ಬಸ್ಸು ಹತ್ತಿದ ದಿನದಿಂದಲೂ, ಪದಕ್ಕಿಂತ ಮೊದಲು ಫಜೀತಿಯೇ ನನ್ನ ಯಂತ್ರದೊಳಗೆ ಬಂದು ಕೂರುತ್ತಿದೆ. ಎಂ.ಎ. ಮುಗಿಸಿದ ಹುರುಪಿನಲ್ಲಿ ನಾನು ಬೆನ್ನು ಹತ್ತಿದ ಒಂದೇ ಒಂದು ಹಾಡು ತಂದಿಟ್ಟ ಫಜೀತಿಗಳಿವು.

೧. ನರಳಿದವರು ಯಾರು?

ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಒಬ್ಬ ಮುಸಲ್ಮಾನ ಅಜ್ಜ ಇದ್ದಾರೆ. ಹರದೇಶಿ ಪದಗಳ, ಅಂದರೆ ಗಂಡೇ ಹೆಚ್ಚೆಂದು ವಾದಿಸುವ ಹಾಡುಗಳ, ಹಳೆಯ ಹುಲಿ. ಜೀವನವಿಡೀ ಹತ್ತಿಯ ದೂಳು ಕುಡಿದು ಈಗ ಉಬ್ಬಸ. ಆ ಉಸಿರು ಇರುವಾಗಲೇ ಅವರ ಹಾಡನ್ನು ಪೂರ್ತಿಯಾಗಿ ಉಳಿಸಿಕೊಳ್ಳಬೇಕೆಂಬುದು ನನ್ನ ಆತುರ. ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿ, ಸದ್ದಾಗದಂತೆ ಕುಳಿತೆ. ಒಂದು ನುಡಿ ಹಾಡಿ ಅಜ್ಜ ನಿಲ್ಲಿಸಿಬಿಟ್ಟರು.

"ಯಾಕ ಬೇಟಿ, ಬಾಯಾಗ ಏನ ಇಟ್ಕೊಂಡು ಕುಂತಿ? ಹಿಮ್ಯಾಳ ಎತ್ತು!"

"ಅಜ್ಜಾರ, ನಾ ರೆಕಾರ್ಡ್ ಮಾಡಾಕ ಬಂದೀನ್ರಿ, ಹಾಡಾಕಲ್ಲ."

"ಹಂಗಾರ ನಾ ಉಸಿರು ಯಾವಾಗ ತಗೋಬೇಕು? ನೀ ಹಾಡೋವಾಗ ಅಲ್ಲೇನು?"

ಹಾಡಿದೆ. ಆ ಧ್ವನಿಮುದ್ರಿಕೆಯನ್ನು ಭಕ್ತಿಯಿಂದ ನನ್ನ ಮಾರ್ಗದರ್ಶಕರಿಗೆ ಕಳುಹಿಸಿದೆ. ಸಂಜೆ ಉತ್ತರ ಬಂತು: "ಅಮೂಲ್ಯ ಸಂಗ್ರಹ. ಹಿನ್ನೆಲೆಯಲ್ಲಿ ಯಾರೋ ನರಳುತ್ತಿದ್ದಾರೆ. ಆ ಸದ್ದನ್ನು ತೆಗೆಯಲು ಸಾಧ್ಯವೇ?"

೨. ಡಬ್ಬಿ ಸೋತರೇನು?

ಆ ಹಾಡು ಒಂದು ಸವಾಲಿಗೆ ಬಂದು ನಿಂತಿತ್ತು. ದೀಪದ ಬತ್ತಿ ಗಂಡು, ಎಣ್ಣೆ ಹೆಣ್ಣು. ಬತ್ತಿ ಇಲ್ಲದ ಎಣ್ಣೆ ಎಂದಾದರೂ ಬೆಳಕು ಕೊಟ್ಟೀತೇ?

"ಇದಕ್ಕ ಜವಾಬು, ಅಜ್ಜಾರ?"

"ಅದು ನನ್ನ ಹಂತ್ಯಾಕ ಎಲ್ಲೈತಿ? ಕೊರ್ಲಹಳ್ಳ್ಯಾಗ ಐತಿ."

ಹೆಣ್ಣೇ ಹೆಚ್ಚೆಂದು ಹಾಡುವ ನಾಗೇಶಿ ಪಕ್ಷದ ಅಜ್ಜಿಯೊಬ್ಬರು ಅಲ್ಲಿದ್ದರು. ಎಷ್ಟೋ ವರ್ಷಗಳ ಹಿಂದೆ ಮುಂಡರಗಿಯಲ್ಲಿ ಇಬ್ಬರ ಮೇಳವೂ ಎದುರಾದಾಗ, ಅಜ್ಜ ಈ ಸವಾಲು ಹಾಕಿದ ಕೂಡಲೇ ಕರೆಂಟ್ ಹೋಗಿ, ಮಂದಿ ಎದ್ದು ಮನೆ ಸೇರಿದ್ದರಂತೆ. ಆಮೇಲೆ ಇಬ್ಬರೂ ಎದುರಾಗಿಲ್ಲ. ಆ ಜವಾಬನ್ನು ಯಾರೂ ಕೇಳಿಲ್ಲ.

"ಆಕಿ ಹಂತ್ಯಾಕ ಜವಾಬ ಇರಲಿಲ್ಲ. ಕರೆಂಟು ಆಕಿನ್ನ ಉಳಸ್ತು," ಎಂದರು ಅಜ್ಜ.

ಮುಂಡರಗಿಗೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಕೊರ್ಲಹಳ್ಳಿ ತಲುಪಿದೆ. ಅಜ್ಜಿ ಶೇಂಗಾ ಸುಲಿಯುತ್ತಿದ್ದರು. ಮೊಬೈಲಿನಲ್ಲಿ ತೆಗೆದಿದ್ದ ಅಜ್ಜನ ಹಾಡಿನ ವಿಡಿಯೊ ತೋರಿಸಿದೆ.

"ಯಾರಿವ್ರು? ಖರೇನ ಸಾಬ್ರೇನು? ಹಲ್ಲೆಲ್ಲಾ ಎಲ್ಲಿ ಹೋದುವು?" ಎಂದು ನಕ್ಕು, ಇನ್ನೊಮ್ಮೆ ಹಚ್ಚಿಸಿಕೊಂಡರು. ಈ ಸಲ ನಗಲಿಲ್ಲ. "ಉಸಿರು ಸಾಲವಲ್ದು ಅವ್ರಿಗೆ," ಎಂದರು.

"ನೀವು ಜವಾಬು ಹಾಡಿದ್ರ ಹಾಡು ಪೂರಾ ಆಗ್ತೈತ್ರಿ, ಅಮ್ಮಾ."

"ಯಾರಿಗೆ ಹಾಡ್ಲಿ? ಈ ಡಬ್ಬಿಗೇನು? ಎದುರಿಗೆ ಕುಂತು ಸೋಲೋರು ಬೇಕವ್ವಾ. ಡಬ್ಬಿ ಸೋತರ ನನಗೇನ ಖುಷಿ?"

೩. ಟವರಿನ ತೀರ್ಪು

ಎದುರಿಗೆ ತಾನೇ? ವಿಡಿಯೊ ಕರೆ ಇದೆಯಲ್ಲ! ಲಕ್ಷ್ಮೇಶ್ವರದಲ್ಲಿ ಅಜ್ಜನ ಸೊಸೆ ಫೋನು ಹಿಡಿದರು, ಇಲ್ಲಿ ನಾನು ಹಿಡಿದೆ. ಸವಾಲು ಮುಗಿದೊಡನೆ ಜವಾಬು ಏಳಬೇಕು, ತಡವರಿಸಿದವರು ಸೋತಂತೆ. ಅದು ಈ ಹಾಡುಗಾರಿಕೆಯ ಕಟ್ಟಳೆ. ಅಜ್ಜ ಏದುತ್ತ ಸವಾಲು ಮುಗಿಸಿದರು. ಅಜ್ಜಿ ಜವಾಬು ಎತ್ತಿಯೇಬಿಟ್ಟರು. ಆದರೆ ಲಕ್ಷ್ಮೇಶ್ವರದ ಪರದೆಯ ಮೇಲೆ ಅಜ್ಜಿಯ ಮುಖ ಬಾಯಿ ತೆರೆದಂತೆಯೇ ನಿಂತುಹೋಗಿತ್ತು.

"ನೋಡ್ರಿ ನೋಡ್ರಿ, ಬಾಯಿ ತಕ್ಕೊಂಡು ನಿಂತಾರ! ಜವಾಬಿಲ್ಲ! ಗೆದ್ದೆ!"

"ಏ ಸಾಬ್ರ! ನಿಂತದ್ದು ನಾ ಅಲ್ಲ, ನಿಮ್ಮ ಟವರು!"

"ಅವತ್ತು ಕರೆಂಟು, ಇವತ್ತು ಟವರು. ಈ ಅಕ್ಕಾರನ್ನ ಉಳಸಾಕ ಸರ್ಕಾರದ ಎಲ್ಲಾ ಖಾತೆದವ್ರೂ ಕೂಡ್ಯಾರ!"

೪. ದಿಂಬು

ಆ ಮಾತು ಅಜ್ಜಿಗೆ ನಾಟಿತು. "ಕರಕೊಂಡ ಬಾರವ್ವಾ ಅವ್ರನ್ನ," ಎಂದು ಫೋನಿನಲ್ಲೇ ಸೊಸೆಗೆ ಹೇಳಿದರು. ಸೊಸೆ ಉಬ್ಬಸದ ಪಂಪನ್ನು ಚೀಲದಲ್ಲಿಟ್ಟುಕೊಂಡು, ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಅಜ್ಜ ತಾವೇ ಹೊಲಿದ ದಿಂಬೊಂದನ್ನು ಬಗಲಲ್ಲಿ ಹಿಡಿದಿದ್ದರು. ಪಡಸಾಲೆಯಲ್ಲಿ ಕೂರುತ್ತಲೇ ಅಜ್ಜಿಯ ಮುಂದಿಟ್ಟರು.

"ತಗೋರಿ ಅಕ್ಕಾರ. ಸೋತ ಮ್ಯಾಲೆ ಒರಗಾಕ ಬೇಕಾಗ್ತೈತಿ."

"ಇರಲಿ, ಇಲ್ಲೇ ಇರಲಿ. ಯಾರಿಗೆ ಬೇಕೋ ಅವ್ರು ತಗೊಳ್ಳಿ," ಎಂದು ಅಜ್ಜಿ ಗೋಡೆಯ ಡಪ್ಪು ಇಳಿಸಿದರು.

ನಾನು ಯಂತ್ರ ಚಾಲೂ ಮಾಡಿ, ಹಿಮ್ಮೇಳಕ್ಕೂ ಸಿದ್ಧಳಾದೆ. ಅಜ್ಜಿಯ ಡಪ್ಪಿನ ಪೆಟ್ಟಿಗೆ ಅಜ್ಜ ಹಾಡಿದರು. ಬತ್ತಿಯ ವೈಭವವೆಲ್ಲ ಬಂತು. ಎಣ್ಣೆಯನ್ನು ಕೇಳುವ ಕಡೆಯ ಸಾಲಿಗೆ ಬಂದಾಗ ಉಸಿರು ಕೈಕೊಟ್ಟಿತು. ತುಟಿಗಳು ಅಲುಗಿದವು, ದನಿ ಬರಲಿಲ್ಲ. ಸೊಸೆ ಪಂಪ್ ಹಿಡಿದು ಓಡಿ ಬಂದರು. ಕಟ್ಟಳೆಯ ಪ್ರಕಾರ ಅಲ್ಲಿಗೆ ಅಜ್ಜಿಯದೇ ಗೆಲುವು.

ಡಪ್ಪಿನ ಪೆಟ್ಟು ಮಾತ್ರ ನಿಲ್ಲಲಿಲ್ಲ. ಅಜ್ಜಿ, ಜೀವಮಾನವಿಡೀ ಖಂಡಿಸಿದ ಗಂಡಿನ ಪಕ್ಷದ ಆ ಸವಾಲನ್ನು, ಅಜ್ಜನದೇ ಧಾಟಿಯಲ್ಲಿ, ಒಂದು ಸ್ವರವೂ ತಪ್ಪದಂತೆ ಹಾಡಿ ಮುಗಿಸಿದರು. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಎಷ್ಟು ಸಲ ಹಾಡಿಕೊಂಡಿದ್ದರೋ! ಆಮೇಲೆ ತಮ್ಮ ದನಿಗೆ ಹೊರಳಿ ಜವಾಬು ಎತ್ತಿದರು: ಎಣ್ಣೆ ಇರುವ ತನಕವೇ ಬತ್ತಿಗೆ ಆಯುಷ್ಯ; ಎಣ್ಣೆ ತೀರಿದ ಬತ್ತಿ ಕೊಡುವುದು ಬೆಳಕಲ್ಲ, ಹೊಗೆ. ಹಾಡುತ್ತಲೇ ಮೊಣಕೈಯಿಂದ ದಿಂಬನ್ನು ಅಜ್ಜನ ಬೆನ್ನಿಗೆ ನೂಕಿದರು. ನಾನು ಹಿಮ್ಮೇಳ ಮರೆತು ಸುಮ್ಮನೆ ಕುಳಿತಿದ್ದೆ. ಆ ಧ್ವನಿಮುದ್ರಿಕೆಯಲ್ಲಿ ನರಳುವ ಸದ್ದು ಇಲ್ಲದಿರುವುದಕ್ಕೆ ಅದೇ ಕಾರಣ.

ಡಪ್ಪು ಕೆಳಗಿಟ್ಟು ಅಜ್ಜಿ ಕೇಳಿದರು: "ಹೆಂಗೈತ್ರಿ ಸಾಬ್ರ, ಜವಾಬು?"

ಅಜ್ಜ ಕಣ್ಣೊರೆಸಿಕೊಂಡರು. ಉಸಿರು ಹತೋಟಿಗೆ ಬರುವ ತನಕ ಕಾದು, ನನ್ನತ್ತ ತಿರುಗಿದರು.

"ಬೇಟಿ, ಡಬ್ಬಿ ಚಾಲೂ ಐತಿಲ್ಲೋ? ಸವಾಲು ಮುಗಿಸಿದವ್ರು ಯಾರು? ಅಕ್ಕಾರು. ಜವಾಬು ಕೊಟ್ಟವ್ರು ಯಾರು? ಅಕ್ಕಾರು. ತಮ್ಮ ಸವಾಲಿಗೆ ತಾವ ಜವಾಬು ಕೊಟ್ರ ನಾ ಹೆಂಗ ಸೋತೆ?"

ಅಜ್ಜಿ ಕೈ ಚಾಚಿದರು.

"ಹೌದೇನ್ರಿ? ಹಂಗಾರ ದಿಂಬು ಇತ್ತ ಕೊಡ್ರಿ. ಅದು ಸೋತವ್ರಿಗಂತ ತಂದದ್ದು."

ಅಜ್ಜ ಕಣ್ಣು ಮುಚ್ಚಿ, ದಿಂಬಿಗೆ ಇನ್ನಷ್ಟು ಒರಗಿಕೊಂಡರು.