ಗಂಗಮ್ಮನ ಮೊದಲ ಮೀನಿನ ಕರುಳನ್ನು ಹುಳು ಸಮೇತ ವಾಪಸು ಕೊಡಿಸುವ ಬಗ್ಗೆ

ಇಂದ:
ಮುನಿಯಲ್ಲಪ್ಪ ಬಿನ್ ಪಿಳ್ಳಪ್ಪ,
ಬಲೆ ಬೀಸುವ ಕಸುಬು,
ಪುಟ್ಟೇನಹಳ್ಳಿ ಕೆರೆ ಏರಿ, ಯಲಹಂಕ.

ಗೆ:
ಮೀನು ಪರೀಕ್ಷೆಯ ಸಾಹೇಬರ ಸಮ್ಮುಖಕ್ಕೆ.

ವಿಷಯ: ದೇವರಿಗೆ ಸಲ್ಲಬೇಕಾದ ಕರುಳು ತಮ್ಮ ಸೀಸೆಯಲ್ಲಿರುವ ಕಾರಣ ಕೆರೆಗೆ ಬಲೆ ಬೀಳದಿರುವುದು.

ಉಲ್ಲೇಖ: ತಮ್ಮ ವರದಿ, ದಿನಾಂಕ 2-3-1959.

ಮಾನ್ಯರೇ,

1. ಹೊಸ ನೀರಿನ ಮೊದಲ ಮೀನನ್ನು ಏರಿಯ ಮೇಲಿನ ಗಂಗಮ್ಮನ ಕಲ್ಲಿನ ಮುಂದೆ ಕೊಯ್ದು, ಕರುಳೂ ಬಿಡದಂತೆ ಪೂರ್ತಿಯಾಗಿ ಒಪ್ಪಿಸುವುದು ನಮ್ಮ ಹಿರಿಯರ ಕಟ್ಟಳೆ. ಅಲ್ಲಿಯವರೆಗೆ ಯಾರೂ ಮತ್ತೆ ಬಲೆ ಬೀಸುವಂತಿಲ್ಲ.

2. ಕಳೆದ ಕಾರ್ತಿಕದಲ್ಲಿ ನನ್ನ ಹೆಂಡತಿ ಮುನಿಗಂಗಮ್ಮ ಆ ಮೀನನ್ನು ಕೊಯ್ದಾಗ ಲಾಡಿಯಂಥ ಬಿಳಿ ಹುಳುಗಳು ಹೊರಬಂದವು. ಅದೇ ವೇಳೆಗೆ ತಾವು ಜೀಪಿನಲ್ಲಿ ಬಂದು, ನೀರಿಗಿಳಿಯಲು ಬೂಟು ಕಳಚಿದಿರಿ.

3. ಕಲ್ಲಿನ ಮುಂದೆ ಬೂಟು ಕಳಚಿದವರು ಭಕ್ತರೇ ಇರಬೇಕೆಂದು ನಾವು ತಿಳಿದೆವು. "ದೊಡ್ಡೋರು ಕೈ ಚಾಚೌರೆ, ಇಲ್ಲ ಅನ್ಬಾರ್ದು ಕಣಯ್ಯ" ಎಂದು ಇವಳು ಕರುಳನ್ನು ತಮ್ಮ ಕೈಗಿತ್ತಳು. ತಾವು ಕಣ್ಣಿಗೊತ್ತಿಕೊಂಡು ಕಲ್ಲಿನ ಮುಂದಿಡುವಿರೆಂದು ಕಾದೆವು. ಸೀಸೆಗೆ ಹಾಕಿ ಬಿರಡೆ ಬಿಗಿದಿರಿ.

4. ಹುಳು ಮೀನಿನ ಊಟದಲ್ಲೇ ಪಾಲು ತಿಂದು ಬದುಕುತ್ತದೆ, ಚೆನ್ನಾಗಿ ಬೇಯಿಸಿದರೆ ಮನುಷ್ಯರಿಗೆ ಭಯವಿಲ್ಲ, ಮಾದರಿಯನ್ನು ಶಾಶ್ವತವಾಗಿ ಕಾಪಾಡಲಾಗುವುದು ಎಂದು ವರದಿ ಬಂತು. ಶಾನುಭೋಗರು "ಶಾಶ್ವತವಾಗಿ" ಎಂದು ಓದಿದ ಕೂಡಲೇ ಮುನಿಗಂಗಮ್ಮ ನೆಲಕ್ಕೆ ಕುಳಿತಳು.

5. ಹುಳುವಿನ ಮೇಲೆ ನಮಗೆ ದೂರಿಲ್ಲ. ಮೀನಿಗೆ ಕೆರೆ ಕೊಟ್ಟ ತಾಯಿಯೇ ಅದಕ್ಕೆ ಮೀನಿನ ಹೊಟ್ಟೆ ಕೊಟ್ಟಿದ್ದಾಳೆ.

6. ಆದರೆ ನಾಲ್ಕು ತಿಂಗಳಿಂದ ಬಲೆ ಗಳುವಿನ ಮೇಲೇ ಇದೆ. ಮೀನುಗಳು ದಪ್ಪವಾಗುತ್ತಿವೆ, ಅವುಗಳ ಹುಳುಗಳೂ ದಪ್ಪವಾಗುತ್ತಿರಬೇಕು. ನಾವು ಮಾತ್ರ ಬಡವಾಗುತ್ತಿದ್ದೇವೆ. ಮೀನು ಕೊಳ್ಳುವ ಸರ್ದಾರ್ ಸಾಬರು ದಿನವೂ ಖಾಲಿ ಬುಟ್ಟಿ ತಂದು, "ಏನ್ರೀ ಮುನಿಯಲ್ಲಪ್ಪ, ನಿಮ್ಮಮ್ಮನ್ ಊಟ ಸರ್ಕಾರದ್ ಬೀರುನಲ್ಲಿ ಐತಂತೆ?" ಎಂದು ನಗುತ್ತಾರೆ. ಬೇಸಿಗೆ ಬಂದಿದೆ. ನೀರು ಬತ್ತಿದರೆ ಮೀನು ಕೊಕ್ಕರೆಗಳ ಪಾಲು.

ಕಾರಣ, ಸದರಿ ಕರುಳನ್ನು ಹುಳುಗಳ ಸಮೇತ ಹಿಂದಿರುಗಿಸಬೇಕು. ಅದಕ್ಕೆ ಕಾನೂನು ಅಡ್ಡಬಂದಲ್ಲಿ, ತಾವೇ ಒಂದು ಮಂಗಳವಾರ ಸೀಸೆಯೊಂದಿಗೆ ಬಂದು, ಕಲ್ಲಿನ ಮುಂದೆ ಕುಳಿತು, ತಾಯಿ ಅದನ್ನು ಕಣ್ಣಾರೆ ನೋಡುವವರೆಗೆ ಕಾದು, ಮರಳಿ ಒಯ್ಯಬಹುದು. ಅವಳು ಕಣ್ಣಲ್ಲೇ ಉಣ್ಣುವವಳು, ಒಪ್ಪುತ್ತಾಳೆಂದು ನಂಬಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಮುನಿಯಲ್ಲಪ್ಪ (ಹೆಬ್ಬೆಟ್ಟಿನ ಗುರುತು)

ಅಡಕ:
(ಅ) ತಮ್ಮ ವರದಿಯ ನಕಲು.
(ಆ) ಸದರಿ ಮೀನಿನ ಉಳಿದ ಭಾಗ, ಉಪ್ಪು ಹಚ್ಚಿ ಒಣಗಿಸಿದ್ದು. ಕರುಳಿಗೆ ತಾಳೆ ನೋಡಿ, ಎರಡನ್ನೂ ಒಟ್ಟಿಗೇ ತರುವುದು.

ವಿ.ಸೂ: ಬರುವ ದಿನ ತಮಗೆ ಉಪ್ಸಾರು, ಮುದ್ದೆ ಮಾತ್ರ. ಮೀನಿನ ಸಾರು ಬೇಕಿದ್ದಲ್ಲಿ, ತಾಯಿ ನೋಡಿದ ಮೇಲೆಯೇ ಬಲೆ ಬೀಸಬೇಕಾದ್ದರಿಂದ, ಊಟದ ಹೊತ್ತಿಗಿಂತ ಎರಡು ಗಂಟೆ ಮುಂಚೆ ಬರಬೇಕಾಗಿ ವಿನಂತಿ.