ಮದುವೆ ಬೇಯಿಸಿದ ಶನಿವಾರ

ಹೊಸ ವಸ್ತುವೊಂದನ್ನು ಕೊಂಡು ತಂದವನಿಗೆ ವಿಧಿಸಬಹುದಾದ ಅತಿ ಕಠಿಣ ಶಿಕ್ಷೆಯೆಂದರೆ, ಅದರ ಬಗ್ಗೆ ಯಾರೂ ಏನೂ ಕೇಳದೆ ಇರುವುದು. ಹೊಸ ಚಪ್ಪಲಿ ಕೊಂಡವನು ಕಾಲು ಮುಂದೆ ಚಾಚಿ ಕೂರಬಹುದು. ಹೊಸ ಕೈಗಡಿಯಾರ ಕಟ್ಟಿದವನು ಕೇಳದವರಿಗೂ ಗಂಟೆ ಹೇಳಬಹುದು. ನಾನು ಕೊಂಡದ್ದು ಕಂಪ್ಯೂಟರು. ಅದರ ಹೆಚ್ಚುಗಾರಿಕೆಯಿದ್ದದ್ದು ಡಬ್ಬಿಯ ಒಳಗೆ, ಫ್ಯಾನಿನ ಅಡಿಯಲ್ಲಿ, ಬಿಸ್ಕತ್ತಿನಷ್ಟಿರುವ ಪ್ರೊಸೆಸರಿನ ಒಂದು ಮೂಲೆಯಲ್ಲಿ. ಆ ಮೂಲೆಗೆ ದೊಡ್ಡ ವೀಡಿಯೋಗಳನ್ನು ಸಣ್ಣದು ಮಾಡುವುದೊಂದೇ ಕೆಲಸವಂತೆ. “ಮೊದ್ಲೆಲ್ಲಾ ಸಾಫ್ಟ್‌ವೇರಲ್ಲಿ ಗಂಟೆಗಟ್ಲೆ ಆಗ್ತಿತ್ತು ಸಾರ್. ಇದ್ರಲ್ಲಿ ಹಾರ್ಡ್‌ವೇರಲ್ಲೇ ಇಟ್ಬಿಟ್ಟವ್ರೆ. ನೀವು ಕಾಫಿ ಕುಡಿದು ಲೋಟ ಕೆಳಗಿಡೋಷ್ಟ್ರಲ್ಲಿ ಖಲಾಸ್” ಎಂದಿದ್ದ ಅಂಗಡಿಯವನು. ನಮ್ಮ ಮನೆಯಲ್ಲಿ ಸಣ್ಣದು ಮಾಡಬೇಕಾದ ವೀಡಿಯೋ ಒಂದೂ ಇಲ್ಲವೆಂಬ ಸಂಗತಿ ಆಗ ನನಗೆ ಹೊಳೆಯಲಿಲ್ಲ. ನನ್ನ ಹೆಂಡತಿ ಸರೋಜಳಿಗೆ ಹೊಳೆಯಿತು. “ಈ ಮನೇಲಿ ಸಣ್ಣ ಆಗ್ಬೇಕಾಗಿರೋದು ನಿಮ್ಮ ಹೊಟ್ಟೆ ಒಂದೇ. ಅದಕ್ಕೂ ಒಂದು ಮೂಲೆ ಇದ್ಯಾ ನೋಡಿ” ಎಂದಳು.

ಹೀಗೆ ವಿದ್ಯೆಯಿದ್ದೂ ಶಿಷ್ಯರಿಲ್ಲದ ಗುರುವಿನಂತೆ ನಾನು ಕೊರಗುತ್ತಿದ್ದಾಗ, ಒಂದು ಶುಕ್ರವಾರ ಸಂಜೆ ಮನೆ ಮಾಲೀಕ ಮುನಿರಾಜಣ್ಣ ಮೆಟ್ಟಿಲು ಹತ್ತಿ ಬಂದರು. ಕಾಡುಗೋಡಿಯಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಟ್ಟಡ ಬೆಳೆದಿದೆ. ಕೆಳಗೆ ಅವರ ಸಂಸಾರ, ಹಿಂದಿನ ಸಾಲುಕೋಣೆಗಳಲ್ಲಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಮೇಲೆ ನಾವು. ಮಾಲೀಕರು ತಾವಾಗಿಯೇ ಮೆಟ್ಟಿಲು ಹತ್ತಿದರೆ ಜೊತೆಗೆ ಬಾಡಿಗೆಯೂ ಹತ್ತುವುದು ವಾಡಿಕೆ. ಆದರೆ ಅವರ ಒಂದು ಕೈಯಲ್ಲಿ ಹಾರ್ಡ್ ಡಿಸ್ಕು, ಇನ್ನೊಂದರಲ್ಲಿ ಪೆನ್ ಡ್ರೈವು.

“ಸಾರ್, ಕಂಪ್ಯೂಟರ್ ತಂದ್ರಂತೆ, ಮೇಡಂ ಏಳಿದ್ರು. ಮಗಳ ಮದ್ವೆ ವೀಡಿಯೋ ನಮ್ ಟೀವಿಲಿ ಓಡ್ತಿಲ್ಲ. ನಾಳಿದ್ದು ಭಾನುವಾರದೊಳಗೆ ಅಮ್ಮಂಗೆ ತೋರಿಸ್ಲಿಲ್ಲ ಅಂದ್ರೆ ಕೆಟ್ಟೋಯ್ತು.”

ವಿಷಯ ಹೀಗಿತ್ತು. ಮುನಿರಾಜಣ್ಣನ ತಾಯಿ ಪಿಳ್ಳಮ್ಮಜ್ಜಿ ಮೊಮ್ಮಗಳ ಮದುವೆಯ ಹೊತ್ತಿಗೆ ಸರಿಯಾಗಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಜಿಗಣಿಯಲ್ಲಿ ಅವರಿಗೊಬ್ಬ ತಮ್ಮ, ನಂಜಪ್ಪ. ಇಬ್ಬರಿಗೂ ಮಾತು ನಿಂತದ್ದು ಮುನಿರಾಜಣ್ಣನ ಮದುವೆಯ ಕಾಲಕ್ಕೆ. ಅಕ್ಕ ತಾನೇ ಹೋಗಿ ಕುಂಕುಮ ಇಟ್ಟು ಕರೆಯದೆ, ಬಸ್ಸಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದಳೆಂದು ತಮ್ಮ ಬರಲಿಲ್ಲ. ತಮ್ಮ ಬರಲಿಲ್ಲವೆಂದು ಅಕ್ಕ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈ ಸಲ ಮುನಿರಾಜಣ್ಣ ತಾಯಿಗೆ ಹೇಳದೆ ಜಿಗಣಿಗೆ ಹೋಗಿ ಕ್ರಮವಾಗಿ ಕರೆದು ಬಂದಿದ್ದರು. ನಂಜಪ್ಪ ಮದುವೆಗೆ ಬಂದಿದ್ದ, ಅಕ್ಷತೆಯನ್ನೂ ಹಾಕಿದ್ದ. ಈಗ ಅವನ ಮೊಮ್ಮಗುವಿಗೆ ಭಾನುವಾರ ನಾಮಕರಣ. ಅವನ ಸೊಸೆಯೇ ಬಂದು ಅಜ್ಜಿಗೆ ಕುಂಕುಮ ಇಟ್ಟು ನಾಮಕರಣಕ್ಕೆ ಕರೆದು ಹೋಗಿದ್ದಾಳೆ. ಆದರೆ ಅಜ್ಜಿಯದು ಒಂದೇ ಪಟ್ಟು: “ಅವ್ನು ಅಕ್ಷತೆ ಆಕಿದ್ದು ನಾನು ಕಣ್ಣಾರೆ ಕಾಣ್ಬೇಕು. ಆಮ್ಯಾಕೆ ಓಗೋ ಮಾತು.”

ಮನೆಯವರ ಮಾತು ಅಜ್ಜಿ ನಂಬುವಂತಿರಲಿಲ್ಲ. ಇಷ್ಟು ವರ್ಷವೂ ಅವರು “ನಂಜಪ್ಪಮಾವ ನಿನ್ನ ಕೇಳ್ದ” ಎಂದು ಇಲ್ಲಿಯೂ, “ಅಕ್ಕ ನಿನ್ನ ಕೇಳಿದ್ಲು” ಎಂದು ಅಲ್ಲಿಯೂ ಸುಳ್ಳು ಸಾಗಿಸಿ ಸಿಕ್ಕಿಬಿದ್ದಿದ್ದರು. ಎಡಿಟ್ ಮಾಡಿದ ಡಿವಿಡಿಯೊಂದು ಇತ್ತು. ಅದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ವೀಡಿಯೋದವನು ವಧೂವರರನ್ನು ಒಂದು ಗುಲಾಬಿಯೊಳಗೆ ಕೂರಿಸಿ, ಸುತ್ತಲೂ ಹಂಸಗಳನ್ನು ಈಜಲು ಬಿಟ್ಟಿದ್ದ. ಅಕ್ಷತೆ ಹಾಕಿದ ಬಂಧುಬಳಗವೆಲ್ಲ ಹಂಸಗಳ ಅಡಿಯಲ್ಲಿ ಮುಳುಗಿಹೋಗಿತ್ತು. ಉಳಿದದ್ದು ಹಾರ್ಡ್ ಡಿಸ್ಕಿನಲ್ಲಿದ್ದ ಮೂಲ ವೀಡಿಯೋ. ಅದನ್ನು ಕಂಡರೆ ಅವರ ಟೀವಿ ಮುಖ ತಿರುಗಿಸುತ್ತಿತ್ತು. ಪೆನ್ ಡ್ರೈವಿನ ತುಂಬ ಅಜ್ಜಿಯ ಭಜನೆ, ಹರಿಕಥೆ; ಅದರಲ್ಲಿ ಒಂದನ್ನೂ ಅಳಿಸುವಂತಿಲ್ಲ. ಮಿಕ್ಕ ಚೂರು ಜಾಗದಲ್ಲಿ ಇಡೀ ಮದುವೆ ಕೂರಬೇಕು.

“ಅಕ್ಷತೆ ಹಾಕೋದಷ್ಟೇ ಕತ್ತರಿಸಿ ಕೊಡ್ಲಾ?” ಎಂದೆ.

“ಬ್ಯಾಡಿ ಸಾರ್. ತುಂಡು ತೋರ್ಸಿದ್ರೆ, ಇನ್ಯಾರ್ದೋ ಮದ್ವೇಲಿದ್ದ ನಂಜಪ್ಪನ್ನ ತಂದು ಅಂಟಿಸವ್ರೆ ಅಂತಾಳೆ.”

ನನ್ನ ಪ್ರೊಸೆಸರಿನ ಮೂಲೆ ಯಾವ ಘನಕಾರ್ಯಕ್ಕಾಗಿ ಜನ್ಮ ತಾಳಿತ್ತೆಂಬುದು ನನಗೆ ಆ ಕ್ಷಣ ವೇದ್ಯವಾಯಿತು. ಮುನಿರಾಜಣ್ಣನನ್ನು ಕೂರಿಸಿ, ಸರೋಜಳಿಗೆ ಕಾಫಿ ಹೇಳಿ, ಪೆನ್ ಡ್ರೈವಿನ ಜಾಗಕ್ಕೆ ತಕ್ಕ ಅಳತೆ ಕೊಟ್ಟು ಗುಂಡಿ ಒತ್ತಿದೆ. ಅಂಗಡಿಯವನು ಹೇಳಿದ್ದು ಹೆಚ್ಚುಕಮ್ಮಿ ನಿಜ. ಎರಡನೆಯ ಲೋಟ ಕಾಫಿ ಬೇಕಾಯಿತು, ಅಷ್ಟೆ. ನಾನು ವೈಟ್‌ಫೀಲ್ಡಿನ ಕಾರ್ಖಾನೆಯೊಂದರ ತಪಾಸಣಾ ವಿಭಾಗದವನು. ಬೇರೆಯವರು ಮಾಡಿದ್ದು ಸರಿಯಿಲ್ಲವೆಂದು ಹೇಳುವುದೇ ನನ್ನ ವೃತ್ತಿ. ನಾನೇ ಮಾಡಿದ್ದನ್ನು ಮಾತ್ರ ತಪಾಸಣೆ ಮಾಡದೆ ಕೊಂಡೊಯ್ದೆ. ಆ ವಿಭಾಗದ ಸಂಪ್ರದಾಯವೇ ಹಾಗೆ.

ಕೆಳಗಿನ ಟೀವಿಯಲ್ಲಿ ಮದುವೆ ಸುಸೂತ್ರವಾಗಿ ನಡೆಯಿತು. ಪುರೋಹಿತರು, ಮಂಟಪ, ಬಾಳೆಕಂಬ, ಎಲ್ಲ ಸ್ವಚ್ಛ. ಗಟ್ಟಿಮೇಳ ಎಂದರು, ವಾದ್ಯ ಮೊಳಗಿತು, ಅಕ್ಷತೆ ಹಾರಿತು. ಹಾರಿದ್ದೇ ತಡ, ಇಡೀ ಕಲ್ಯಾಣಮಂಟಪ ಚೌಕ ಚೌಕವಾಗಿ ಒಡೆದುಹೋಯಿತು. ಮದುಮಗಳ ಮೂಗು ಒಂದು ಚೌಕ, ಕೆನ್ನೆ ಒಂದು ಚೌಕ. ಹಿಂದೆ ನಿಂತ ಬಂಧುಗಳು ಇಟ್ಟಿಗೆ ಪೇರಿಸಿದಂತೆ ಕಂಡರು.

“ಅಗೋ, ಆ ಕಂಬದ ಪಕ್ಕ, ಮಾವ!” ಎಂದರು ಮುನಿರಾಜಣ್ಣ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇದಾ? ಬಚ್ಚಲಮನೆ ಟೈಲ್ಸ್ ಇದ್ದಂಗೈತೆ.” ಆಮೇಲೆ ನನ್ನ ಕಡೆ ತಿರುಗಿದರು. “ನೀನೂ ಸೇರ್ಕಂಡೇನಪ್ಪಾ? ಬೇಕಂತ್ಲೇ ಮುಖ ಅಳಿಸಿದ್ದೀರ. ಅವ್ನು ಬಂದಿಲ್ಲ.” ಊರುಗೋಲು ತೆಗೆದುಕೊಂಡು ಒಳಗೆ ಹೋದರು. ಹೋಗುವಾಗ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನಾವಿಬ್ಬರೂ ನೋಡದವರಂತೆ ನಿಂತೆವು.

ಮೇಲೆ ಬಂದು ಕಾರಣ ಹುಡುಕಿದೆ. ವೀಡಿಯೋ ಸಣ್ಣದು ಮಾಡುವುದೆಂದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಡುವುದು. ಮದುವೆಯಲ್ಲಿ ಬಹಳ ಹೊತ್ತು ಪುರೋಹಿತರ ಗಲ್ಲವೊಂದನ್ನು ಬಿಟ್ಟರೆ ಏನೂ ಅಲುಗುವುದಿಲ್ಲ. ಮೂಲೆಯ ಹಾರ್ಡ್‌ವೇರು ‘ಯಥಾಪ್ರಕಾರ’ ಎಂದು ಬರೆದು ಆರಾಮಾಗಿ ಸಾಗುತ್ತದೆ. ಅಕ್ಷತೆ ಹಾರಿತೋ, ಕಾಳುಕಾಳೂ ಬದಲಾವಣೆ! ಕೊಟ್ಟ ಜಾಗ ಸ್ವಲ್ಪ, ಕಲಿತ ರೀತಿ ಒಂದೇ, ಅವಸರ ವಿಪರೀತ. ಹಬ್ಬದ ದಿನ ಕೌಂಟರಿನಲ್ಲಿ ಕೂತ ಗುಮಾಸ್ತನಂತೆ ಅದು ಎಲ್ಲರಿಗೂ ಒಂದೊಂದು ಚೌಕ ಹಂಚಿ ಕೈತೊಳೆದುಕೊಳ್ಳುತ್ತದೆ. ಸಾಫ್ಟ್‌ವೇರಿನ ದಾರಿ ಬೇರೆ. ಅದು ಇಡೀ ಪ್ರೊಸೆಸರನ್ನು ಎದುರಿಗೆ ಕೂರಿಸಿಕೊಂಡು, ಈ ಕಾಳು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ವಿಚಾರಣೆ ನಡೆಸುತ್ತದೆ. ಅಲುಗದ ಕಡೆ ಜಾಗ ಉಳಿಸಿ ಅಕ್ಷತೆಗೆಂದು ಕೂಡಿಡುತ್ತದೆ. ಅಷ್ಟೇ ಜಾಗದಲ್ಲಿ ಚೆನ್ನಾಗಿ ಹೊಂದಿಸುತ್ತದೆ. ಹೊತ್ತು ಮಾತ್ರ ಕೇಳಬಾರದು.

ಶನಿವಾರ ರಜೆ ಹಾಕಿ, ಸಾಫ್ಟ್‌ವೇರಿನಲ್ಲಿ ‘ಅತಿ ನಿಧಾನ’ ಎಂಬ ಆಯ್ಕೆ ಒತ್ತಿ ಕುಳಿತೆ. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಡಬ್ಬಿಯ ಹಿಂದಿನಿಂದ ಬರುವ ಬಿಸಿಗಾಳಿಗೆ ಸರೋಜ ಕರವಸ್ತ್ರಗಳನ್ನು ಒಣಹಾಕಿದಳು. ಮದುವೆ ಕಾಶೀಯಾತ್ರೆಗೆ ಬರುವಷ್ಟರಲ್ಲಿ ಕೆಳಗೆ ನೀರಿನ ಮೋಟಾರು ಹಾಕಿದರು, ಫ್ಯೂಸು ಹೋಯಿತು, ಎಲ್ಲ ಮೊದಲಿಂದ. ಮುನಿರಾಜಣ್ಣ ಕೂಡಲೇ ರಾಜಾಜ್ಞೆ ಹೊರಡಿಸಿದರು: ಸಂಜೆವರೆಗೆ ಕಟ್ಟಡದಲ್ಲಿ ಮೋಟಾರಿಲ್ಲ, ಮಿಕ್ಸಿಯಿಲ್ಲ, ಇಸ್ತ್ರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಕೋಣೆಯ ಬಸಪ್ಪ ಖಾಲಿ ಬಿಂದಿಗೆ ಹಿಡಿದು ಬಂದದ್ದು ಕಿಟಕಿಯಿಂದ ಕೇಳಿಸಿತು.

“ನೀರ್ ಯಾಕ್ ಬಿಟ್ಟಿಲ್ರೀ ಅಣ್ಣಾರ?”

“ಸ್ವಲ್ಪ ತಡ್ಕೊ. ಮ್ಯಾಲೆ ಸಾರ್ ನಮ್ ಮಗಳ ಮದ್ವೆ ಬೇಯಿಸ್ತಾವ್ರೆ.”

“ಮದವಿ ಆಗಿ ತಿಂಗಳಾತಲ್ರೀ. ಇನ್ನೂ ಬೆಂದಿಲ್ಲೇನ್?”

ದೀಪ ಹಚ್ಚುವ ಹೊತ್ತಿಗೆ ಬೆಂದಿತು. ಈ ಸಲ ತಪಾಸಣೆ ಮಾಡದೆ ಒಯ್ಯಲು ಧೈರ್ಯ ಬರಲಿಲ್ಲ. ಅಕ್ಷತೆಯ ಜಾಗ ತೆಗೆದು ನೋಡಿದೆ. ಒಂದೊಂದು ಕಾಳೂ ತನ್ನ ಪಾಡಿಗೆ ತಾನು ಹಾರುತ್ತಿತ್ತು.

ಅಜ್ಜಿಯನ್ನು ಟೀವಿಯ ಮುಂದೆ ಕೂರಿಸಲು ಮನೆಯವರೆಲ್ಲ ಕಾಡಿ ಬೇಡಬೇಕಾಯಿತು. ಗಟ್ಟಿಮೇಳ ಮೊಳಗಿತು. ಕಂಬದ ಪಕ್ಕ ಬಿಳಿ ಅಂಗಿಯ ತೆಳ್ಳನೆಯ ಮುದುಕರೊಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದು, ಮುಷ್ಟಿ ತುಂಬ ಇದ್ದ ಅಕ್ಷತೆಯನ್ನು ಬಲವಾಗಿ ಎಸೆದರು. ಅದರಲ್ಲಿ ಒಂದು ಕಾಳೂ ವಧೂವರರಿಗೆ ತಗಲಲಿಲ್ಲ. ಅಷ್ಟೂ ಪುರೋಹಿತರ ತಲೆಯ ಮೇಲೆ ಬಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ ಮೇಲೆ ನೋಡಿದರು.

“ನಂಜನೇ!” ಎಂದರು ಅಜ್ಜಿ. “ಸಣ್ಣವನಿದ್ದಾಗ್ಲಿಂದ ಅಂಗೇ. ಮಾವಿನಕಾಯಿಗೆ ಕಲ್ಲು ಒಡುದ್ರೆ ಪಕ್ಕದ ಮನೆ ಎಂಚಿಗೆ ಬೀಳದು. ಬೈಸ್ಕಳ್ಳದು ನಾನು.” ನಕ್ಕರು. ನಗು ಅರ್ಧದಲ್ಲೇ ನಿಂತಿತು. “ಇನ್ನೊಂದ್ಸಲ ಆಕಪ್ಪಾ.”

ಹಾಕಿದೆ. ಮತ್ತೊಂದು ಸಲವೂ ಹಾಕಿದೆ. ಪುರೋಹಿತರು ಎಷ್ಟು ಸಲ ಅಕ್ಷತೆ ತಿಂದರೋ ಲೆಕ್ಕವಿಡಲಿಲ್ಲ.

“ಎಷ್ಟು ಸೊರಗವ್ನೆ. ಆ ಮನೇಲಿ ಯಾರೂ ಇಟ್ಟು ಆಕಲ್ವಾ?” ಎಂದು ಅಜ್ಜಿ ಊರುಗೋಲಿಗೆ ಕೈ ಚಾಚಿದರು. “ಲೇ ಮುನಿರಾಜ, ನಾಳೆ ಗಾಡಿ ಎಷ್ಟೊತ್ಗೆ ಏಳಿದ್ದೀಯ?”

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನು ಬಂತು. ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ತೊಡೆಯ ಮೇಲೆ ಒಂದು ದೊಡ್ಡ ಡಬ್ಬಿ, ತುಂಬ ಕಜ್ಜಾಯ, ಸೊರಗಿದವನಿಗೆ. ನಾನೂ ಸರೋಜಳೂ ಮೇಲಿನ ಬಾಲ್ಕನಿಯಲ್ಲಿ ನಿಂತು ಕೈ ಬೀಸಿದೆವು. ಹಿಂದಿನ ಕೋಣೆಯವರು ಬಿಂದಿಗೆ ತುಂಬಿಸುತ್ತಾ ಕೈ ಬೀಸಿದರು. ಈ ಯುಗದ ಅವಸರದ ಬಗ್ಗೆ, ನಿಧಾನದ ಹಿರಿಮೆಯ ಬಗ್ಗೆ, ಒಂದು ಮುರಿದ ಸಂಬಂಧವನ್ನು ಕಾಳುಕಾಳಾಗಿ ಕೂಡಿಸಿದ ಸಾಫ್ಟ್‌ವೇರಿನ ಬಗ್ಗೆ ನಾನು ಸರೋಜಳಿಗೆ ಸವಿಸ್ತಾರವಾಗಿ ಹೇಳಿದೆ. ಅವಳು ಸಾವಧಾನದಿಂದ ಕೇಳಿದಳು.

“ಅದೆಲ್ಲ ಸರಿ” ಎಂದಳು ಕೊನೆಗೆ. “ನಮ್ಮ ಕಂಪ್ಯೂಟರಲ್ಲಿ ಆ ಮೂಲ ವೀಡಿಯೋ ಚೆನ್ನಾಗೇ ಓಡ್ತಿತ್ತಲ್ಲ. ಶುಕ್ರವಾರವೇ ಕಂಪ್ಯೂಟರನ್ನ ಎತ್ಕೊಂಡು ಹೋಗಿ ಅಜ್ಜಿ ಮುಂದೆ ಇಟ್ಟಿದ್ರೆ ಆಗ್ತಿರ್ಲಿಲ್ವೇನ್ರೀ?”

ಈ ಪ್ರಶ್ನೆಗೆ ಉತ್ತರ ಯೋಚಿಸುತ್ತಿದ್ದೇನೆ. ಒಳ್ಳೆಯ ಗುಣಮಟ್ಟದ ಉತ್ತರ ಬೇಕೆಂದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ.